ಹಿಡಿ ಅಕ್ಕಿಯಿಂದ ಕಾಲೇಜಿನವರೆಗೆ: ಮಲಬಾರಿನ ಯತೀಂಖಾನಗಳ ನೂರು ವರ್ಷ

ಒಂದು ಸಮುದಾಯದ ನಿಜವಾದ ಸ್ಥಿತಿಗತಿಯನ್ನು ಅರಿಯಬೇಕಾದರೆ ಅಲ್ಲಿನ ಶ್ರೀಮಂತರ ಮನೆಗಳನ್ನಾಗಲಿ ಮಸೀದಿಗಳ ಮಿನಾರಗಳನ್ನಾಗಲಿ ನೋಡಿದರೆ ಸಾಲದು. ತಂದೆಯಿಲ್ಲದ ಮಗು, ಮನೆಯಿಲ್ಲದ ಮಗು, ನಡೆಯಲಾರದ ಮಗು ಅಲ್ಲಿ ಹೇಗೆ ಬದುಕುತ್ತಿದೆ ಎಂಬುದನ್ನು ನೋಡಬೇಕು. ಸಂಘ ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ‘ಅನಾಥರಿಗೆ ನೆರವು’ ಎಂಬ ಒಂದು ಸಾಲು ಇದ್ದೇ ಇರುತ್ತದೆ. ಆದರೆ ಆ ಸಾಲಿನ ಹಿಂದೆ ದೀರ್ಘವಾದ ಇತಿಹಾಸವಿದೆ. ನಮ್ಮ ನೆರೆಯ ಮಲಬಾರಿನಲ್ಲಿ ಕಳೆದ ನೂರು ವರ್ಷಗಳಲ್ಲಿ ಈ ಕೆಲಸ ಹೇಗೆ ಬೆಳೆಯಿತು, ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದನ್ನು ತಿಳಿಯುವುದು ನಮಗೆ ಅಗತ್ಯ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮಲಬಾರ್ ಮತ್ತು ದಕ್ಷಿಣ ಕನ್ನಡ ಎರಡೂ ಮದ್ರಾಸು ಆಡಳಿತದ ಅಕ್ಕಪಕ್ಕದ ಜಿಲ್ಲೆಗಳಾಗಿದ್ದವು. ಕಾಸರಗೋಡು ಆಗ ದಕ್ಷಿಣ ಕನ್ನಡದ ಭಾಗವಾಗಿತ್ತು. ಅಲ್ಲಿನ ಅನುಭವ ನಮಗೆ ಪರಕೀಯವಲ್ಲ.

ಯತೀಂ ಎಂದರೆ ಯಾರು?

ಮೊದಲು ಒಂದು ಪದವನ್ನು ಸ್ಪಷ್ಟಪಡಿಸಿಕೊಳ್ಳೋಣ. ಕನ್ನಡದಲ್ಲಿ ‘ಅನಾಥ’ ಎಂದರೆ ಯಾರೂ ಇಲ್ಲದವನು ಎಂಬ ಅರ್ಥ ಬರುತ್ತದೆ. ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ‘ಯತೀಂ’ ಎಂದರೆ ಪ್ರಾಯಕ್ಕೆ ಬರುವ ಮುನ್ನ ತಂದೆಯನ್ನು ಕಳೆದುಕೊಂಡ ಮಗು. ಅದರ ತಾಯಿ ಬದುಕಿರಬಹುದು, ಅಜ್ಜ ಅಜ್ಜಿ, ಚಿಕ್ಕಪ್ಪಂದಿರು ಇರಬಹುದು. ದುಡಿದು ತರುವ ಕೈ ಮತ್ತು ಪರವಾಗಿ ನಿಂತು ಮಾತನಾಡುವ ಬಾಯಿ ಮಾತ್ರ ಇರುವುದಿಲ್ಲ. ಪ್ರವಾದಿ ಮುಹಮ್ಮದ್(ಸ)ರ ತಂದೆ ಅವರು ಹುಟ್ಟುವ ಮೊದಲೇ ತೀರಿಹೋಗಿದ್ದರು. ಆರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡರು. ಮೊದಲು ಅಜ್ಜ ಅಬ್ದುಲ್ ಮುತ್ತಲಿಬ್, ಬಳಿಕ ದೊಡ್ಡಪ್ಪ ಅಬೂತಾಲಿಬ್ ಅವರನ್ನು ತಮ್ಮ ಮನೆಯಲ್ಲೇ ಸಾಕಿದರು.

ಪವಿತ್ರ ಕುರ್‌ಆನ್ ಅನಾಥರ ವಿಷಯವನ್ನು ಅನೇಕ ಕಡೆ ಎತ್ತುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಅನ್ನಿಸಾ ಅಧ್ಯಾಯದ ಆರಂಭದಲ್ಲಿ ಒತ್ತು ಬಿದ್ದಿರುವುದು ಅನ್ನದಾನದ ಮೇಲಲ್ಲ, ಅನಾಥರ ಸೊತ್ತಿನ ರಕ್ಷಣೆಯ ಮೇಲೆ. ಪೋಷಕನಾದವನು ಆ ಸೊತ್ತನ್ನು ತನ್ನದರೊಂದಿಗೆ ಬೆರೆಸಿ ನುಂಗಬಾರದು, ಮಗು ಪ್ರಾಯಕ್ಕೆ ಬಂದಾಗ ಸಾಕ್ಷಿಗಳ ಮುಂದೆ ಒಪ್ಪಿಸಬೇಕು ಎಂಬ ವಿಧಿ ಅಲ್ಲಿದೆ. ಅಂದರೆ ಅನಾಥನನ್ನು ಭಿಕ್ಷೆ ಬೇಡುವವನಾಗಿ ಅಲ್ಲ, ಹಕ್ಕುಳ್ಳವನಾಗಿ ನೋಡಲಾಗಿದೆ. ಬೀದಿಯಲ್ಲಿ ಬಿಟ್ಟುಹೋದ ಶಿಶುವಿಗೂ ಧರ್ಮಶಾಸ್ತ್ರದಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಅಂತಹ ಶಿಶುವನ್ನು ಎತ್ತಿಕೊಳ್ಳುವುದು ಸಮುದಾಯದ ಸಾಮೂಹಿಕ ಹೊಣೆ. ಅದು ಸ್ವತಂತ್ರ ವ್ಯಕ್ತಿ, ಯಾರ ಗುಲಾಮನೂ ಅಲ್ಲ. ಅದರ ಖರ್ಚು ಸಾರ್ವಜನಿಕ ಖಜಾನೆಯ ಮೇಲೆ ಬೀಳುತ್ತದೆ ಎಂದು ನ್ಯಾಯವಿದರು ನಿರ್ಣಯಿಸಿದ್ದಾರೆ.

ವಕ್ಫ್ ಮತ್ತು ಮಕ್ತಬ್

ಆರಂಭದ ಶತಮಾನಗಳಲ್ಲಿ ಮಕ್ಕಳು ಬಂಧುಗಳ ಮನೆಯಲ್ಲೇ ಬೆಳೆಯುತ್ತಿದ್ದರು. ಉಮಯ್ಯದ್ ಖಲೀಫ ವಲೀದ್ (ಆಳ್ವಿಕೆ ಕ್ರಿ.ಶ. 705-715) ಅಂಧರಿಗೆ ದಾರಿ ತೋರುವವರನ್ನೂ ನಡೆಯಲಾರದವರಿಗೆ ಸೇವಕರನ್ನೂ ನೇಮಿಸಿದನೆಂದು ಹಳೆಯ ಅರಬಿ ಇತಿಹಾಸಕಾರರು ಬರೆದಿದ್ದಾರೆ. ವಿಕಲಚೇತನರ ಪೋಷಣೆ ಆಡಳಿತದ ಹೊಣೆ ಎಂಬ ಭಾವನೆ ಅಷ್ಟು ಹಿಂದೆಯೇ ಇತ್ತು.

ನಂತರ ವಕ್ಫ್‌ನ ಕಾಲ ಬಂತು. ಅಂದಲೂಸಿಯಾದ ಪ್ರವಾಸಿ ಇಬ್ನು ಜುಬೈರ್ 1184ರಲ್ಲಿ ದಮಾಸ್ಕಸ್‌ಗೆ ಬಂದಾಗ ಅಲ್ಲಿ ಅನಾಥ ಮಕ್ಕಳಿಗೆಂದೇ ಮೀಸಲಾದ, ದೊಡ್ಡ ವಕ್ಫ್ ಹೊಂದಿದ ಪಾಠಶಾಲೆಯನ್ನು ಕಂಡು ಬರೆದಿಟ್ಟ. ಮಮ್ಲೂಕರ ಕಾಲದ ಕೈರೋದಲ್ಲಿ ಈ ಪದ್ಧತಿ ಇನ್ನಷ್ಟು ಬೆಳೆಯಿತು. 1284-85ರಲ್ಲಿ ಕಟ್ಟಿದ ಸುಲ್ತಾನ್ ಕಲಾವೂನ್‌ನ ಪ್ರಸಿದ್ಧ ಆಸ್ಪತ್ರೆ ಮತ್ತು ಮದ್ರಸಾಗಳ ಜೊತೆಗೇ ಅನಾಥರ ಮಕ್ತಬ್ ಕೂಡ ಇತ್ತು. ಅನೇಕ ಕಡೆ ಕೆಳಗೆ ದಾರಿಹೋಕರಿಗೆ ಕುಡಿಯುವ ನೀರು, ಮೇಲಂತಸ್ತಿನಲ್ಲಿ ಮಕ್ಕಳಿಗೆ ಪಾಠ ಎಂಬಂತೆ ಒಂದೇ ಕಟ್ಟಡ ನಿರ್ಮಿಸುವುದು ರೂಢಿಯಾಯಿತು. ಮಕ್ಕಳಿಗೆ ಊಟದ ಭತ್ಯೆ, ಬಟ್ಟೆ ಮತ್ತು ವಿದ್ಯೆ ದೊರೆಯುತ್ತಿತ್ತು. ಸಾಯಂಕಾಲ ಅವರು ಮನೆಗೆ ಹೋಗುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಬೇಕು. ಅನಾಥರಿಗಾಗಿ ನಮ್ಮ ಹಿರಿಯರು ಕಟ್ಟಿದ ಮೊದಲ ಸಂಸ್ಥೆಯೆಂದರೆ ವಸತಿಗೃಹವಲ್ಲ, ಶಾಲೆ.

ವಸತಿಯೂ ಶಾಲೆಯೂ ಸೇರಿದ ಆಧುನಿಕ ಮಾದರಿಗೆ ಒಳ್ಳೆಯ ಉದಾಹರಣೆ ಇಸ್ತಾಂಬುಲ್‌ನ ದಾರುಶ್ಶಫಕಾ. 1863ರಲ್ಲಿ ಒಂದು ಶಿಕ್ಷಣ ಸಂಘವಾಗಿ ಹುಟ್ಟಿ, 1873ರಲ್ಲಿ ತಂದೆಯಿಲ್ಲದ ಬಡ ಮಕ್ಕಳಿಗಾಗಿ ಶಾಲೆ ತೆರೆಯಿತು. 1971ರಿಂದ ಹೆಣ್ಣು ಮಕ್ಕಳನ್ನೂ ಸೇರಿಸಿಕೊಳ್ಳುತ್ತಿದೆ. ಕನಿಕರಕ್ಕಾಗಿ ಕಳಪೆ ಶಿಕ್ಷಣ ಕೊಡದೆ, ದೇಶದ ಉತ್ತಮ ಶಾಲೆಗಳ ಸಾಲಿನಲ್ಲೇ ಅದು ಇಂದಿಗೂ ನಿಂತಿದೆ.

ಬರಗಾಲ ಮತ್ತು ಲಾಹೋರಿನ ಹಿಡಿ ಹಿಟ್ಟು

ಭಾರತದಲ್ಲಿ ಅನಾಥಾಲಯಗಳ ಪ್ರಶ್ನೆ ತೀವ್ರವಾದದ್ದು ಹತ್ತೊಂಬತ್ತನೆಯ ಶತಮಾನದ ಬರಗಾಲಗಳಿಂದ. 1876-78ರ ಮಹಾ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರೆಂಬ ಅಂದಾಜಿದೆ. ದಾರಿಯಲ್ಲಿ ಉಳಿದ ಮಕ್ಕಳನ್ನು ಮುಖ್ಯವಾಗಿ ಕ್ರೈಸ್ತ ಮಿಷನ್‌ಗಳು ಎತ್ತಿಕೊಂಡವು. ಕರಾವಳಿಯಲ್ಲಿ ಬಾಸೆಲ್ ಮಿಷನ್ ಅದಕ್ಕೂ ಮೊದಲೇ ಅನಾಥ ಮಕ್ಕಳನ್ನು ಸಾಕಿ, ನೇಯ್ಗೆ, ಮುದ್ರಣ, ಹೆಂಚಿನ ಕೆಲಸಗಳನ್ನು ಬೆಳೆಸಿತ್ತು. ಹಸಿದ ಮಗುವಿಗೆ ಅನ್ನ ಕೊಟ್ಟವರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ನಮ್ಮ ಮಕ್ಕಳನ್ನು ನಾವೇ ಸಾಕಬೇಕೆಂಬ ಎಚ್ಚರ ಹಿಂದೂ ಮುಸ್ಲಿಮರೆನ್ನದೆ ಎಲ್ಲರಲ್ಲಿಯೂ ಆಗ ಮೂಡಿತು. ಉತ್ತರದಲ್ಲಿ ಆರ್ಯ ಸಮಾಜ ಅನಾಥಾಲಯಗಳನ್ನು ತೆರೆಯಿತು.

ಮುಸ್ಲಿಮರಲ್ಲಿ ಈ ಎಚ್ಚರದ ಫಲವಾಗಿ 1884ರಲ್ಲಿ ಲಾಹೋರಿನಲ್ಲಿ ಅಂಜುಮನ್ ಹಿಮಾಯತೆ ಇಸ್ಲಾಂ ಹುಟ್ಟಿತು. ಅದರ ಆದಾಯದ ಮೂಲ ಕುತೂಹಲಕರ. ಮನೆಯ ಹೆಂಗಸರು ದಿನವೂ ರೊಟ್ಟಿಯ ಹಿಟ್ಟು ಕಲಸುವ ಮುನ್ನ ಒಂದು ಹಿಡಿ ಹಿಟ್ಟನ್ನು ಬೇರೆ ಪಾತ್ರೆಗೆ ಹಾಕಿಡುತ್ತಿದ್ದರು. ಅಂಜುಮನ್‌ನ ಕಾರ್ಯಕರ್ತರು ಮನೆ ಮನೆಯಿಂದ ಅದನ್ನು ಒಟ್ಟುಮಾಡಿ ಮಾರಿ, ಬಂದ ಹಣದಲ್ಲಿ ಶಾಲೆ ಮತ್ತು ಯತೀಂಖಾನ ನಡೆಸಿದರು. 1900ರಲ್ಲಿ ಇದೇ ಅಂಜುಮನ್‌ನ ವಾರ್ಷಿಕ ಸಭೆಯಲ್ಲಿ ಯುವ ಕವಿ ಇಕ್ಬಾಲ್ ‘ನಾಲಾ ಎ ಯತೀಂ’ ಎಂಬ ಕವಿತೆ ಓದಿದರು. ಅವರ ಕಾವ್ಯಜೀವನದ ಸಾರ್ವಜನಿಕ ಆರಂಭವೇ ಅನಾಥನ ಕೂಗಿನಿಂದ ಆಯಿತೆನ್ನಬಹುದು. ಇಂತಹ ಒಂದು ಪರಂಪರೆ ಪಂಜಾಬಿನಲ್ಲಿ ಇದ್ದುದರಿಂದಲೇ ಮುಂದೆ ಮಲಬಾರಿಗೆ ನೆರವು ಅಲ್ಲಿಂದ ಬಂತು.

1921ರ ಗಾಯ

1921ರ ಆಗಸ್ಟ್ 20ರಂದು ತಿರೂರಂಗಾಡಿಯಲ್ಲಿ ಪೊಲೀಸರು ಮತ್ತು ಸೈನಿಕರು ಖಿಲಾಫತ್ ನಾಯಕರನ್ನು ಹಿಡಿಯಲು ಶೋಧ ನಡೆಸಿದರು. ಅಲ್ಲಿಂದ ಆರಂಭವಾದ ಸಂಘರ್ಷ ಏರನಾಡು, ವಳ್ಳುವನಾಡು ತಾಲೂಕುಗಳಿಗೆ ಹಬ್ಬಿತು. ಬ್ರಿಟಿಷ್ ಆಡಳಿತದ ಮೇಲಿನ ಸಿಟ್ಟು, ಜಮೀನ್ದಾರಿಯ ಕೆಳಗೆ ನಲುಗಿದ ಗೇಣಿದಾರರ ಸಂಕಟ, ಖಿಲಾಫತ್ ಚಳವಳಿಯ ಕಾವು ಎಲ್ಲವೂ ಅದರಲ್ಲಿ ಸೇರಿದ್ದವು. ಹೋರಾಟ ದಾರಿ ತಪ್ಪಿದಲ್ಲಿ ನಿರಪರಾಧಿ ಹಿಂದೂ ಕುಟುಂಬಗಳೂ ಜೀವ, ಮನೆ ಕಳೆದುಕೊಂಡವು. ಸಾವಿರಾರು ಜನ ನಿರಾಶ್ರಿತರಾಗಿ ಕೋಝಿಕ್ಕೋಡ್ ಮತ್ತಿತರ ಪಟ್ಟಣಗಳಿಗೆ ಓಡಿದರು. ಪುಣೆಯ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಜಿ.ಕೆ. ದೇವಧರ್ ಈ ಸಮಯದಲ್ಲಿ ಮಲಬಾರಿಗೆ ಬಂದು ಪರಿಹಾರ ಶಿಬಿರಗಳ ಕೆಲಸಕ್ಕೆ ಮುಂದಾದರು. ಇತಿಹಾಸ ಬರೆಯುವಾಗ ಒಂದು ಕಡೆಯ ಕಣ್ಣೀರನ್ನು ಮಾತ್ರ ಲೆಕ್ಕ ಹಾಕುವುದು ನ್ಯಾಯವಲ್ಲ.

ದಂಗೆಯನ್ನು ಹತ್ತಿಕ್ಕಿದ ಬಗೆ ಭಯಾನಕವಾಗಿತ್ತು. ಸರಕಾರಿ ಲೆಕ್ಕದ ಪ್ರಕಾರವೇ 2,300ಕ್ಕೂ ಹೆಚ್ಚು ಮಾಪಿಳ್ಳೆಯರು ಸತ್ತರು. ಸೆರೆಸಿಕ್ಕವರು ಮತ್ತು ಶರಣಾದವರು 40,000ಕ್ಕೂ ಹೆಚ್ಚು. 1921ರ ನವೆಂಬರ್ 19ರಂದು ತಿರೂರಿನಿಂದ ಹೊರಟ ಮುಚ್ಚಿದ ರೈಲು ಗಾಡಿಯೊಂದರಲ್ಲಿ ಗಾಳಿಯಿಲ್ಲದೆ ಸುಮಾರು 70 ಕೈದಿಗಳು ಉಸಿರುಗಟ್ಟಿ ಸತ್ತರು. ಪೋತನೂರಿನಲ್ಲಿ ಬಾಗಿಲು ತೆರೆದಾಗಲಷ್ಟೇ ಆ ದುರಂತ ಹೊರಗೆ ಬಂತು. ಆಗ ಮದ್ರಾಸು ಆಡಳಿತದಲ್ಲಿದ್ದ ನಮ್ಮ ಬಳ್ಳಾರಿಯ ಜೈಲಿನಲ್ಲೂ ನೂರಾರು ಮಾಪಿಳ್ಳೆ ಕೈದಿಗಳನ್ನು ಇಡಲಾಗಿತ್ತು. ಇನ್ನೂ ಅನೇಕರನ್ನು ಅಂಡಮಾನಿಗೆ ಕಳುಹಿಸಲಾಯಿತು. ಅಲ್ಲಿ ಇಂದಿಗೂ ಮಂಜೇರಿ, ವಂಡೂರು, ತಿರೂರು ಎಂಬ ಮಲಬಾರಿನ ಹೆಸರಿನ ಊರುಗಳಿವೆ.

ಇವರೆಲ್ಲರ ಮಕ್ಕಳು? ತಂದೆ ಸತ್ತ ಮನೆಗಳು, ತಂದೆ ಜೈಲಿನಲ್ಲಿರುವ ಮನೆಗಳು, ತಂದೆ ಎಲ್ಲಿದ್ದಾನೆಂದೇ ತಿಳಿಯದ ಮನೆಗಳು ಏರನಾಡಿನ ಹಳ್ಳಿ ಹಳ್ಳಿಗಳಲ್ಲಿದ್ದವು. ದಂಗೆಕೋರರ ಕುಟುಂಬವೆಂಬ ಹಣೆಪಟ್ಟಿ ಬೇರೆ. ಹತ್ತಿರದವರು ನೆರವಾಗಲು ಹೆದರುತ್ತಿದ್ದರು. ಕಾಂಗ್ರೆಸ್ ಮತ್ತು ಖಿಲಾಫತ್ ನಾಯಕ ಮುಹಮ್ಮದ್ ಅಬ್ದುರ್ರಹ್ಮಾನ್ ಸಾಹಿಬರು ಏರನಾಡಿನ ಜನರ ಸಂಕಟವನ್ನು ಹೊರಜಗತ್ತಿಗೆ ತಿಳಿಸಲು ಹೋಗಿ ತಾವೇ ಸೆರೆಮನೆ ಸೇರಬೇಕಾಯಿತು.

ಆಗ ಮುಂದೆ ಬಂದವರು ಪಂಜಾಬಿನ ಕಸೂರಿನ ಮೌಲಾನಾ ಅಬ್ದುಲ್ ಖಾದಿರ್ ಕಸೂರಿ. ವೃತ್ತಿಯಿಂದ ವಕೀಲರು, ಖಿಲಾಫತ್ ಮತ್ತು ಕಾಂಗ್ರೆಸ್ ನಾಯಕರು. ಅವರೂ ಅವರ ಕುಟುಂಬದವರೂ ಸೇರಿ 1922ರಲ್ಲಿ ಕೋಝಿಕ್ಕೋಡಿನಲ್ಲಿ ಜೆ.ಡಿ.ಟಿ. ಇಸ್ಲಾಂ ಅನಾಥಾಲಯವನ್ನು ಸ್ಥಾಪಿಸಿದರು. ಜಂಇಯ್ಯತ್ ದಅವತ್ ತಬ್ಲೀಗೆ ಇಸ್ಲಾಂ ಎಂಬುದು ಅದರ ಪೂರ್ಣ ಹೆಸರು. ಸಾವಿರಾರು ಮೈಲಿ ದೂರದ, ಮಲಯಾಳಂ ಭಾಷೆ ಬಾರದ, ಅಕ್ಕಿಯ ಊಟ ಅಭ್ಯಾಸವಿಲ್ಲದ ಪಂಜಾಬಿಗಳು ಮಾಪಿಳ್ಳೆ ಮಕ್ಕಳ ಪಾಲಿಗೆ ಆಸರೆಯಾದದ್ದು ನಮ್ಮ ದೇಶದ ಇತಿಹಾಸದ ಒಂದು ಸುಂದರ ಪುಟ. ಈ ಸಂಸ್ಥೆ ನೂರು ವರ್ಷ ದಾಟಿ, ಶಾಲೆ, ತಾಂತ್ರಿಕ ಶಿಕ್ಷಣ, ಕಾಲೇಜುಗಳಾಗಿ ಬೆಳೆದಿದೆ.

1943ರ ಕಾಲರಾ ಮತ್ತು ತಿರೂರಂಗಾಡಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಲಬಾರಿಗೆ ಮತ್ತೊಂದು ಹೊಡೆತ ಬಿತ್ತು. ಕೇರಳದ ಹೊಟ್ಟೆ ತುಂಬುತ್ತಿದ್ದುದು ಬಹುಮಟ್ಟಿಗೆ ಬರ್ಮಾದ ಅಕ್ಕಿಯಿಂದ. 1942ರಲ್ಲಿ ಜಪಾನ್ ಬರ್ಮಾವನ್ನು ವಶಪಡಿಸಿಕೊಂಡ ಕೂಡಲೇ ಆ ಅಕ್ಕಿ ನಿಂತಿತು. ಹಸಿದ ದೇಹಗಳ ಮೇಲೆ 1943ರಲ್ಲಿ ಕಾಲರಾ ಎರಗಿತು. ಕೆಲವೇ ದಿನಗಳಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳು ಊರೂರಲ್ಲಿ ಉಳಿದರು.

ಇಪ್ಪತ್ತೆರಡು ವರ್ಷಗಳ ಹಿಂದೆ ದಂಗೆ ಸಿಡಿದ ಅದೇ ತಿರೂರಂಗಾಡಿಯಲ್ಲಿ 1943ರ ಕೊನೆಯಲ್ಲಿ ಯತೀಂಖಾನ ಆರಂಭವಾಯಿತು. ಅದರ ಮುಂದಾಳುಗಳಲ್ಲಿ ಕೆ.ಎಂ. ಮೌಲವಿ ಮತ್ತು ಎಂ.ಕೆ. ಹಾಜಿ ಪ್ರಮುಖರು. ಕೆ.ಎಂ. ಮೌಲವಿ ಖಿಲಾಫತ್ ಕಾಲದಲ್ಲಿ ಬ್ರಿಟಿಷರ ಕಣ್ಣು ತಪ್ಪಿಸಿ ಕೊಚ್ಚಿ ಸಂಸ್ಥಾನದ ಕೊಡುಂಗಲ್ಲೂರಿನಲ್ಲಿ ಆಶ್ರಯ ಪಡೆದಿದ್ದವರು. ಅಲ್ಲಿ ಮುಸ್ಲಿಂ ಐಕ್ಯ ಸಂಘದ ಮೂಲಕ ಸಮಾಜ ಸುಧಾರಣೆಯ ಕೆಲಸದಲ್ಲಿ ತೊಡಗಿದ್ದರು. ದಂಗೆಯ ಸೋಲಿನಿಂದ ಅವರ ತಲೆಮಾರು ಕಲಿತ ಪಾಠ ಒಂದೇ: ಸಮುದಾಯ ಎದ್ದು ನಿಲ್ಲಬೇಕಾದರೆ ಅದು ಶಾಲೆಯ ಮೂಲಕವೇ ಆಗಬೇಕು.

ಇದರ ನಂತರ ಒಂದರ ಹಿಂದೆ ಒಂದು ಸಂಸ್ಥೆಗಳು ಬಂದವು. 1956ರಲ್ಲಿ ವಯಲಿಲ್ ಮೊಯ್ದೀನ್ ಕೋಯ ಹಾಜಿಯವರ ನೇತೃತ್ವದಲ್ಲಿ ಮುಕ್ಕಂ ಯತೀಂಖಾನ, 1967ರಲ್ಲಿ ವಯನಾಡಿನ ಮುಟ್ಟಿಲ್‌ನಲ್ಲಿ ವಯನಾಡ್ ಮುಸ್ಲಿಂ ಯತೀಂಖಾನ. ನಮ್ಮ ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ, ಕೊಡಗಿನ ಗಡಿಗೆ ತಾಗಿದ ಜಿಲ್ಲೆ ಅದು.

ಹಣ ಎಲ್ಲಿಂದ ಬಂತು? ಆರಂಭದಲ್ಲಿ ದೊಡ್ಡ ದಾನಿಗಳು ಬೆರಳೆಣಿಕೆಯಷ್ಟು. ಕೇರಳದಲ್ಲಿ ‘ಪಿಡಿಯರಿ’ ಎಂಬ ರೂಢಿಯಿದೆ. ಅನ್ನಕ್ಕೆ ಅಕ್ಕಿ ತೊಳೆಯುವ ಮುನ್ನ ಒಂದು ಹಿಡಿ ತೆಗೆದಿಡುವುದು, ವಾರಕ್ಕೊಮ್ಮೆ ಅದನ್ನು ಒಟ್ಟುಮಾಡಿ ಧರ್ಮಕಾರ್ಯಕ್ಕೆ ಕೊಡುವುದು. ಲಾಹೋರಿನ ಹಿಡಿ ಹಿಟ್ಟಿಗೂ ಮಲಬಾರಿನ ಹಿಡಿ ಅಕ್ಕಿಗೂ ಎಷ್ಟು ಸಾಮ್ಯ! ಇದರ ಜೊತೆಗೆ ಝಕಾತ್, ಬಕ್ರೀದಿನ ಕುರ್ಬಾನಿಯ ಚರ್ಮದ ಹಣ, ತೆಂಗಿನ ಫಸಲಿನ ಪಾಲು. 1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋದವರ ಹಣ ಬರತೊಡಗಿದ ಮೇಲೆ ಕಟ್ಟಡಗಳು ಎದ್ದವು. ಆದರೆ ಅಡಿಪಾಯ ಹಾಕಿದವರು ಹೆಸರು ಕೂಡ ಉಳಿಯದ ಬಡ ಗೃಹಿಣಿಯರು.

ಶಾಲೆಯ ಬಾಗಿಲು ಎಲ್ಲರಿಗೂ

ಮಲಬಾರಿನ ಯತೀಂಖಾನಗಳ ದೊಡ್ಡ ಸಾಧನೆ ಯಾವುದು? ಮಕ್ಕಳಿಗೆ ಅನ್ನ ಕೊಟ್ಟದ್ದಲ್ಲ. ಅನಾಥರಿಗೆಂದು ತೆರೆದ ಶಾಲೆಯನ್ನು ಊರಿನ ಎಲ್ಲ ಮಕ್ಕಳಿಗೂ ತೆರೆದದ್ದು. ಇದರಿಂದ ಎರಡು ಪ್ರಯೋಜನಗಳಾದವು. ಸರಕಾರದ ಮಾನ್ಯತೆ, ಅನುದಾನ ಪಡೆದ ಶಾಲೆಯಾದ್ದರಿಂದ ಶಿಕ್ಷಕರ ಮಟ್ಟ ಏರಿತು. ತಂದೆಯಿರುವ ಮಕ್ಕಳೊಂದಿಗೆ ಒಂದೇ ಬೆಂಚಿನಲ್ಲಿ ಕುಳಿತು ಕಲಿತ ಅನಾಥ ಮಗು ‘ಯತೀಂಖಾನದ ಹುಡುಗ’ ಎಂಬ ಕೀಳರಿಮೆಯಿಂದ ಬಿಡುಗಡೆ ಪಡೆಯಿತು. ಇನ್ನೊಂದು ಕಡೆ, ಹತ್ತಿರದಲ್ಲಿ ಪ್ರೌಢಶಾಲೆಯೇ ಇಲ್ಲದಿದ್ದ ಹಳ್ಳಿಗಳ ಬಡ ಮಕ್ಕಳಿಗೆ, ವಿಶೇಷವಾಗಿ ಹೆಣ್ಣು ಮಕ್ಕಳಿಗೆ, ಅನಾಥರ ನೆಪದಲ್ಲಿ ಶಾಲೆ ಸಿಕ್ಕಿತು. ಊರು ಅನಾಥರಿಗೆ ಕೊಟ್ಟದ್ದನ್ನು ಅನಾಥರು ಊರಿಗೆ ಹಿಂದಿರುಗಿಸಿದರು.

ತಿರೂರಂಗಾಡಿಯಲ್ಲಿ 1968ರಲ್ಲಿ ಆರಂಭವಾದ ಪಿ.ಎಸ್.ಎಂ.ಒ. ಕಾಲೇಜು ಇದಕ್ಕೆ ಸಾಕ್ಷಿ. ಪೋಕರ್ ಸಾಹಿಬ್ ಸ್ಮಾರಕ ಯತೀಂಖಾನ ಕಾಲೇಜು ಎಂಬುದು ಅದರ ಪೂರ್ಣ ಹೆಸರು. ಸಂವಿಧಾನ ಸಭೆಯ ಸದಸ್ಯರಾಗಿದ್ದ ಬಿ. ಪೋಕರ್ ಸಾಹಿಬರ ನೆನಪು ಮತ್ತು ಯತೀಂಖಾನ ಎಂಬ ಶಬ್ದ ಎರಡೂ ಒಂದೇ ಫಲಕದಲ್ಲಿವೆ. ‘ಅನಾಥಾಲಯ’ ಎಂಬ ಪದವನ್ನು ಮುಚ್ಚಿಡದೆ ಕಾಲೇಜಿನ ಹೆಸರಿನಲ್ಲೇ ಇರಿಸಿಕೊಂಡ ಆತ್ಮಗೌರವವನ್ನು ಮೆಚ್ಚಬೇಕು.

ಹಿಂದೆ ಉಳಿದವರು

ಹಾಗಾದರೆ ಈ ಕಥೆಯಲ್ಲಿ ಹಿಂದೆ ಉಳಿದವರು ಯಾರು? ವಿಕಲಚೇತನ ಮಕ್ಕಳು. ಅನಾಥ ಮಗುವಿನ ತಲೆ ಸವರುವುದು ಪುಣ್ಯವೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಕಾಲಿಲ್ಲದ, ಕಿವಿ ಕೇಳದ, ಬುದ್ಧಿ ಬೆಳೆಯದ ಮಗುವನ್ನು ವಿಧಿಯೆಂದು ಒಳಕೋಣೆಯಲ್ಲಿ ಕೂರಿಸುವುದೇ ಹೆಚ್ಚಾಗಿತ್ತು. ಸಾಮೂಹಿಕ ವಸತಿಗೃಹದ ಮೆಟ್ಟಿಲುಗಳು, ಸಾಲು ಹಾಸಿಗೆಗಳು, ಗಂಟೆ ಬಾರಿಸಿದರೆ ಏಳಬೇಕಾದ ದಿನಚರಿ ಅಂತಹ ಮಗುವಿಗೆ ಹೊಂದುವಂತಿರಲಿಲ್ಲ.

ಈ ಮೌನವನ್ನು ಮುರಿದವರಲ್ಲಿ ಒಬ್ಬರು ಅದೇ ತಿರೂರಂಗಾಡಿ ಸಮೀಪದ ವೆಳ್ಳಿಲಕ್ಕಾಡಿನ ಕೆ.ವಿ. ರಾಬಿಯಾ. ಹದಿಹರೆಯದಲ್ಲಿ ಪೋಲಿಯೋ ತಗಲಿ ಕಾಲುಗಳ ಶಕ್ತಿ ಹೋಯಿತು. ಆದರೂ ಅವರು ಪಿ.ಎಸ್.ಎಂ.ಒ. ಕಾಲೇಜಿನಲ್ಲಿ ಓದಿದರು. 1990ರಲ್ಲಿ ಕೇರಳದ ಸಾಕ್ಷರತಾ ಆಂದೋಲನ ನಡೆಯುತ್ತಿದ್ದಾಗ ಗಾಲಿಕುರ್ಚಿಯಲ್ಲಿ ಕುಳಿತೇ ತಮ್ಮ ಹಳ್ಳಿಯ ಅನಕ್ಷರಸ್ಥರಿಗೆ ಅಕ್ಷರ ಕಲಿಸತೊಡಗಿದರು. ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕುಳಿತು ಕಲಿತರು. ಮುಂದೆ ‘ಚಲನಂ’ ಎಂಬ ಸಂಸ್ಥೆ ಕಟ್ಟಿ ವಿಕಲಚೇತನ ಮಕ್ಕಳ ಶಿಕ್ಷಣಕ್ಕೆ ದುಡಿದರು. ಕ್ಯಾನ್ಸರ್ ಬಂತು, ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು, ಕೆಲಸ ನಿಲ್ಲಲಿಲ್ಲ. 2022ರಲ್ಲಿ ಪದ್ಮಶ್ರೀ ಪುರಸ್ಕಾರ ಅವರನ್ನು ಹುಡುಕಿಕೊಂಡು ಬಂತು. 2025ರ ಮೇ ತಿಂಗಳಲ್ಲಿ ಅವರು ನಿಧನರಾದರು. ಹಿಡಿ ಅಕ್ಕಿಯಲ್ಲಿ ಬೆಳೆದ ಸಂಸ್ಥೆಯ ಕಾಲೇಜು ಒಬ್ಬ ವಿಕಲಚೇತನ ಹೆಣ್ಣು ಮಗಳಿಗೆ ಬಾಗಿಲು ತೆರೆಯಿತು, ಆಕೆ ಒಂದು ಊರಿಗೇ ಬಾಗಿಲು ತೆರೆದರು. ದಾನದ ಫಲ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ದಾನಿಗೆ ತಿಳಿದಿರುವುದಿಲ್ಲ.

ನಮ್ಮ ಮನೆಬಾಗಿಲಲ್ಲೇ ಇರುವ ಉದಾಹರಣೆ ಎಂಡೋಸಲ್ಫಾನ್ ಪೀಡಿತ ಮಕ್ಕಳದು. ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದ ಕೊಕ್ಕಡ ಮೊದಲಾದ ಊರುಗಳಲ್ಲೂ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಸುರಿದ ಈ ಕೀಟನಾಶಕ ಅನೇಕ ಮನೆಗಳಲ್ಲಿ ಎದ್ದು ಕೂರಲಾರದ ಮಕ್ಕಳನ್ನು ಉಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಆ ಮಕ್ಕಳಿಗೆ ನೆರವಾದದ್ದು ದೂರದ ಆಶ್ರಮಗಳಲ್ಲ. ಕೊಕ್ಕಡ, ಕೊಯಿಲಗಳಲ್ಲಿ ತೆರೆದ ಹಗಲು ಪಾಲನಾ ಕೇಂದ್ರಗಳು. ಬೆಳಗ್ಗೆ ವಾಹನ ಬಂದು ಮಗುವನ್ನು ಕರೆದೊಯ್ಯುತ್ತದೆ, ಸಂಜೆ ತಾಯಿಯ ಬಳಿಗೆ ಬಿಡುತ್ತದೆ. ಆ ಕೆಲವು ಗಂಟೆಗಳಲ್ಲಿ ತಾಯಿ ಕೂಲಿಗೆ ಹೋಗಬಹುದು, ಬೀಡಿ ಕಟ್ಟಬಹುದು, ಸ್ವಲ್ಪ ಮಲಗಬಹುದು. ಕೈರೋದ ಹಳೆಯ ಮಕ್ತಬ್‌ನ ರೀತಿಯೂ ಇದೇ ಆಗಿತ್ತಲ್ಲವೇ?

2014ರ ನಂತರ

1990ರ ದಶಕದ ಹೊತ್ತಿಗೆ ಕೇರಳದ ಪರಿಸ್ಥಿತಿ ಬದಲಾಗಿತ್ತು. ಕುಟುಂಬಗಳು ಚಿಕ್ಕದಾದವು, ಆರೋಗ್ಯ ಸುಧಾರಿಸಿತು, ಪ್ರತಿ ಊರಿನಲ್ಲೂ ಶಾಲೆ ಬಂತು. ಸ್ಥಳೀಯ ಅನಾಥ ಮಕ್ಕಳ ಸಂಖ್ಯೆ ಕಡಿಮೆಯಾಯಿತು. ದೊಡ್ಡ ಕಟ್ಟಡಗಳು ಮಾತ್ರ ಉಳಿದವು. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳದ ಬಡ ಮಕ್ಕಳು ಅಲ್ಲಿಗೆ ಬರತೊಡಗಿದರು. 2014ರ ಮೇ ತಿಂಗಳಲ್ಲಿ ಎರಡು ದಿನಗಳ ಅಂತರದಲ್ಲಿ ಹೀಗೆ ರೈಲಿನಲ್ಲಿ ಬಂದ ಐನೂರಕ್ಕೂ ಹೆಚ್ಚು ಮಕ್ಕಳನ್ನು ಪಾಲಕ್ಕಾಡಿನಲ್ಲಿ ಪೊಲೀಸರು ತಡೆದರು. ಅನೇಕ ಮಕ್ಕಳಿಗೆ ಸರಿಯಾದ ದಾಖಲೆಗಳಿರಲಿಲ್ಲ. ಮಕ್ಕಳ ಸಾಗಣೆಯ ಆರೋಪ ದೇಶದಾದ್ಯಂತ ಸುದ್ದಿಯಾಯಿತು. ಮುಂದೆ ಸಿಬಿಐ ತನಿಖೆ ನಡೆದು, ಸಾಗಣೆಯ ಆರೋಪಕ್ಕೆ ಆಧಾರವಿಲ್ಲ, ಉಚಿತ ಶಿಕ್ಷಣಕ್ಕಾಗಿ ಪೋಷಕರೇ ಕಳುಹಿಸಿದ್ದರು ಎಂಬುದು ಹೊರಬಂತು. ಆದರೆ ಸಂಸ್ಥೆಗಳ ಮೇಲೆ ಬಿದ್ದ ಕಲೆ ಅಷ್ಟು ಸುಲಭವಾಗಿ ತೊಳೆಯಲಿಲ್ಲ. ದಾಖಲೆ ಇಡುವುದು ಕಾಗದದ ಕಿರಿಕಿರಿಯಲ್ಲ, ಮಗುವಿನ ರಕ್ಷಣೆ ಮತ್ತು ಸಂಸ್ಥೆಯ ಗೌರವ ಎರಡೂ ಅದರಲ್ಲಿವೆ ಎಂಬ ಪಾಠ ಇಲ್ಲಿದೆ.

2015ರ ಬಾಲ ನ್ಯಾಯ ಕಾಯ್ದೆ ಬಂತು. ಮಕ್ಕಳನ್ನು ಇರಿಸಿಕೊಳ್ಳುವ ಎಲ್ಲ ಸಂಸ್ಥೆಗಳೂ ಅದರಡಿ ನೋಂದಾಯಿಸಲೇಬೇಕೆಂದು 2017ರ ಮೇ 5ರಂದು ಸುಪ್ರೀಂ ಕೋರ್ಟ್ ಆದೇಶಿಸಿ, ಆ ವರ್ಷದ ಕೊನೆಯವರೆಗೆ ಗಡುವು ಕೊಟ್ಟಿತು. ಕೊಠಡಿ, ಸಿಬ್ಬಂದಿ, ಆಪ್ತಸಮಾಲೋಚಕರು, ಪ್ರತಿ ಮಗುವಿಗೂ ಪ್ರತ್ಯೇಕ ಪಾಲನಾ ಯೋಜನೆ, ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಇವೆಲ್ಲ ಕಡ್ಡಾಯ. ಈ ಕಾಯ್ದೆಯಲ್ಲಿ ಅನಾಥನೆಂದರೆ ಪೋಷಕರೇ ಇಲ್ಲದ, ಅಥವಾ ಸಾಕಲು ಸಮರ್ಥರಾದ, ಒಪ್ಪುವ ಪೋಷಕರಿಲ್ಲದ ಮಗು. ನಮ್ಮ ‘ಯತೀಂ’ ಪದದ ಅರ್ಥಕ್ಕೂ ಇದಕ್ಕೂ ಇರುವ ಅಂತರವನ್ನು ಗಮನಿಸಿ. ತಾಯಿಯಿರುವ ಯತೀಂ ಮಗುವನ್ನು ಕಾನೂನು ತಾಯಿಯ ಬಳಿಯಲ್ಲೇ ಇಡಬೇಕೆನ್ನುತ್ತದೆ. ಅನೇಕ ಯತೀಂಖಾನಗಳು ಹಾಸ್ಟೆಲುಗಳಾದವು, ಕೆಲವು ಮುಚ್ಚಿದವು.

ಇದನ್ನು ಸಮುದಾಯದ ಮೇಲಿನ ದಾಳಿಯೆಂದು ನೋಡಿದವರಿದ್ದಾರೆ. ಆದರೆ ಜಗತ್ತಿನ ಚಿಂತನೆಯೇ ಈ ದಿಕ್ಕಿಗೆ ತಿರುಗಿದೆ. 2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಾರ್ಗಸೂಚಿಗಳು ಮೊದಲು ಕುಟುಂಬ, ಕೊನೆಯ ಆಯ್ಕೆಯಾಗಿ ಮಾತ್ರ ಸಂಸ್ಥೆ ಎನ್ನುತ್ತವೆ. ಬಡತನವೊಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರ್ಪಡಿಸಬಾರದೆನ್ನುತ್ತವೆ. ನಮ್ಮ ಪರಂಪರೆಗೆ ಇದು ಹೊಸತೇನಲ್ಲ. ಪ್ರವಾದಿ(ಸ)ರು ಬೆಳೆದದ್ದು ಅಜ್ಜನ ಮನೆಯಲ್ಲಿ, ದೊಡ್ಡಪ್ಪನ ಮನೆಯಲ್ಲಿ. ವಸತಿಗೃಹಗಳು 1921 ಮತ್ತು 1943ರ ದುರಂತಗಳಿಗೆ ನಮ್ಮ ಹಿರಿಯರು ಕಂಡುಕೊಂಡ ತುರ್ತು ಉತ್ತರ. ಆ ಕಾಲಕ್ಕೆ ಅದು ಸರಿಯಾಗಿತ್ತು. ತುರ್ತಿನ ಉತ್ತರವೇ ಶಾಶ್ವತ ವಿಧಿಯಾಗಬೇಕಿಲ್ಲ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದಲ್ಲಿ ಭೂಕುಸಿತವಾದಾಗ ಈ ಬದಲಾವಣೆ ಸ್ಪಷ್ಟವಾಗಿ ಕಂಡಿತು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಲಾ 10 ಲಕ್ಷ, ಒಬ್ಬರನ್ನು ಕಳೆದುಕೊಂಡವರಿಗೆ 5 ಲಕ್ಷ ರೂಪಾಯಿ ನೀಡಲು ಕೇರಳ ಸರಕಾರ ನಿರ್ಧರಿಸಿತು. ಕೋವಿಡ್ ಕಾಲದಲ್ಲಿ, 2021ರಲ್ಲಿ, ಕರ್ನಾಟಕ ಸರಕಾರ ಬಾಲ ಸೇವಾ ಯೋಜನೆಯಡಿ ಅನಾಥರಾದ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಘೋಷಿಸಿತ್ತು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿ ಅರ್ಹ ಮಕ್ಕಳಿಗೆ ಮನೆಯಲ್ಲಿಯೇ ಬೆಳೆಯಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನಿಗದಿ ಮಾಡಿತು.

ನಮ್ಮ ಮುಂದಿರುವ ಕೆಲಸ

ಈ ಇತಿಹಾಸದಿಂದ ನಮ್ಮ ಸಂಘಕ್ಕೆ, ಸದಸ್ಯರಿಗೆ ಮತ್ತು ವಿದ್ಯಾರ್ಥಿಗಳಿಗೆ ಕೆಲವು ಪಾಠಗಳಿವೆ.

ಮೊದಲನೆಯದು, ಕಟ್ಟಡಕ್ಕಿಂತ ಮಗು ಮುಖ್ಯ. ಕಟ್ಟಡಕ್ಕೆ ದಾನಿಯ ಹೆಸರಿನ ಫಲಕ ಹಾಕಬಹುದು, ವಿಧವೆಯ ಮನೆಯ ಅಡುಗೆಕೋಣೆಗೆ ಹಾಕಲಾಗದು. ಆದ್ದರಿಂದಲೇ ಎರಡನೆಯದಕ್ಕೆ ಹಣ ಕೂಡಿಸುವುದು ಕಷ್ಟ. ಪ್ರತಿ ಜಮಾಅತ್ ತನ್ನ ವ್ಯಾಪ್ತಿಯ ತಂದೆಯಿಲ್ಲದ ಮತ್ತು ವಿಕಲಚೇತನ ಮಕ್ಕಳ ಪಟ್ಟಿ ಮಾಡಿ, ತಿಂಗಳ ನೆರವನ್ನು ತಾಯಿಯ ಖಾತೆಗೆ ತಲುಪಿಸಬಹುದು.

ಎರಡನೆಯದು, ಹಕ್ಕಿನ ಪ್ರಶ್ನೆ. ಮೇಲೆ ಹೇಳಿದ ಸರಕಾರಿ ನೆರವುಗಳು ಅರ್ಜಿ ಬರೆಯಲು ಬಾರದ ತಾಯಿಗೆ ತಲುಪುವುದಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ನಿಗದಿತ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಪ್ರಮಾಣಪತ್ರ ಮಾಡಿಸಿಕೊಡುವುದು, ಅರ್ಜಿ ತುಂಬುವುದು, ಮಕ್ಕಳ ಕಲ್ಯಾಣ ಸಮಿತಿಯವರೆಗೆ ಜೊತೆಗೆ ಹೋಗುವುದು ಇವು ಕಾಲೇಜು ವಿದ್ಯಾರ್ಥಿಗಳು ಹಣವಿಲ್ಲದೆಯೂ ಮಾಡಬಹುದಾದ ಸದಕಾ.

ಮೂರನೆಯದು ಸ್ವಲ್ಪ ಸೂಕ್ಷ್ಮವಾದದ್ದು. ತಂದೆ ಅಜ್ಜನಿಗಿಂತ ಮೊದಲೇ ಸತ್ತರೆ, ಚಿಕ್ಕಪ್ಪ ದೊಡ್ಡಪ್ಪಂದಿರು ಬದುಕಿರುವಾಗ ಮೊಮ್ಮಗನಿಗೆ ಅಜ್ಜನ ಆಸ್ತಿಯಲ್ಲಿ ಪಾಲು ಬರುವುದಿಲ್ಲವೆಂಬುದು ನಮ್ಮಲ್ಲಿ ಪ್ರಚಲಿತವಿರುವ ವಾರಸು ನಿಯಮ. ಈ ಕಷ್ಟವನ್ನು ಕಂಡ ಈಜಿಪ್ಟ್ 1946ರಲ್ಲಿ ಕಡ್ಡಾಯ ವಸಿಯ್ಯತ್‌ನ ಕಾನೂನು ಮಾಡಿತು. ಪಾಕಿಸ್ತಾನ 1961ರಲ್ಲಿ ಬೇರೊಂದು ಬಗೆಯಲ್ಲಿ ಪರಿಹರಿಸಿತು. ನಮ್ಮಲ್ಲಿ ಅಂತಹ ಕಾನೂನಿಲ್ಲ. ಆದರೆ ಅಜ್ಜನಾದವನು ತನ್ನ ಆಸ್ತಿಯ ಮೂರನೆಯ ಒಂದು ಭಾಗದವರೆಗೆ ಅನಾಥ ಮೊಮ್ಮಕ್ಕಳಿಗೆ ವಸಿಯ್ಯತ್ ಬರೆಯಲು ಶರೀಅತ್ತೇ ಅವಕಾಶ ಕೊಟ್ಟಿದೆ. ಒಂದು ಹಾಳೆಯ ವಸಿಯ್ಯತ್ ಒಂದು ಕುಟುಂಬವನ್ನು ಯತೀಂಖಾನದ ಬಾಗಿಲಿನಿಂದ ದೂರವಿಡಬಲ್ಲದು. ಜುಮಾ ಪ್ರವಚನಗಳಲ್ಲಿ ಈ ವಿಷಯ ಎಷ್ಟು ಸಲ ಬಂದಿದೆ ಎಂದು ಉಲೇಮಾಗಳೂ ಹಿರಿಯರೂ ಯೋಚಿಸಬೇಕು.

ನಾಲ್ಕನೆಯದು, ವಸತಿಗೃಹ ಸಂಪೂರ್ಣ ಅನಗತ್ಯವೆಂದು ಯಾರೂ ಹೇಳಲಾಗದು. ಯಾವ ಬಂಧುವೂ ಇಲ್ಲದ ಮಗು, ಮನೆಯಲ್ಲೇ ಹಿಂಸೆಗೆ ಸಿಕ್ಕ ಮಗು, ಬೀದಿಯಲ್ಲೇ ಬೆಳೆದ ಮಗು ಇಂದಿಗೂ ಇದ್ದಾರೆ. ಅವರಿಗಾಗಿ ನಡೆಯುವ ಸಂಸ್ಥೆ ಕಾನೂನುಬದ್ಧವಾಗಿರಲಿ, ಲೆಕ್ಕಪತ್ರ ತೆರೆದಿರಲಿ, ಮಕ್ಕಳು ಊರಿನ ಶಾಲೆಯಲ್ಲಿ ಎಲ್ಲರೊಂದಿಗೆ ಕಲಿಯಲಿ. ಮುಚ್ಚುವ ಸಂಸ್ಥೆಯೂ ತನ್ನ ಕೊನೆಯ ಮಗು ಎಲ್ಲಿಗೆ ಹೋಯಿತು, ಶಾಲೆ ಬಿಟ್ಟಿತೇ ಎಂದು ವಿಚಾರಿಸುವ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು.

1922ರಲ್ಲಿ ಮಲಬಾರಿನ ಮಕ್ಕಳಿಗಾಗಿ ಪಂಜಾಬಿನಿಂದ ಜನ ಬಂದರು. 1943ರಲ್ಲಿ ಬಡ ಮನೆಗಳ ಹೆಂಗಸರು ತಮ್ಮ ಪಾಲಿನ ಅನ್ನದಲ್ಲೇ ಒಂದು ಹಿಡಿ ತೆಗೆದಿಟ್ಟರು. ಅವರಿಗಿಂತ ನಾವು ಬಡವರೂ ಅಲ್ಲ, ನಮ್ಮ ಬೀದಿಯ ಮಕ್ಕಳು ನಮ್ಮಿಂದ ಅಷ್ಟು ದೂರವೂ ಇಲ್ಲ. ಈ ವರ್ಷದ ಝಕಾತ್ ಲೆಕ್ಕ ಹಾಕುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಮೊಹಲ್ಲಾದಲ್ಲಿ ತಂದೆಯಿಲ್ಲದ ಮಕ್ಕಳು ಎಷ್ಟು ಮಂದಿ, ಶಾಲೆಗೆ ಹೋಗದ ವಿಕಲಚೇತನ ಮಕ್ಕಳು ಎಷ್ಟು ಮಂದಿ ಎಂದು ಬರೆದುಕೊಂಡು ಸಂಘದ ಮುಂದಿನ ಸಭೆಗೆ ತರಲಿ. ಕೆಲಸ ಆ ಪಟ್ಟಿಯಿಂದ ಆರಂಭವಾಗಲಿ.